ಕ್ಯಾಟ್ ಹೆಸರು, ಎರವಲು ಎಂಜಿನ್: ಐದೇ ವರ್ಷಕ್ಕೆ ನಿಂತ ಲಾರಿ

2016ರ ಫೆಬ್ರುವರಿ ಕೊನೆಯಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಸಂಸ್ಥೆ ಹೊರಡಿಸಿದ ಪ್ರಕಟಣೆ ಬಹಳ ಚಿಕ್ಕದು. ಹೆದ್ದಾರಿಯ ಮೇಲೆ ಓಡುವ ಕಾಮಗಾರಿ ಲಾರಿಗಳ ತಯಾರಿಕೆಯನ್ನು ನಿಲ್ಲಿಸಲಾಗುವುದು, ಹೊಸ ಬೇಡಿಕೆಗಳನ್ನು ಸ್ವೀಕರಿಸುವುದಿಲ್ಲ, ಈಗಾಗಲೇ ಮಾರಾಟವಾದ ವಾಹನಗಳಿಗೆ ಬಿಡಿಭಾಗ ಮತ್ತು ದುರಸ್ತಿ ಸೇವೆ ಮುಂದುವರಿಯಲಿದೆ ಎಂಬುದಷ್ಟೇ ಅದರ ಸಾರಾಂಶ. ಸುಮಾರು 70 ಉದ್ಯೋಗಿಗಳ ಮೇಲೆ ಇದರ ಪರಿಣಾಮವಾಗಲಿದೆ ಎಂದೂ ಅದರಲ್ಲಿ ತಿಳಿಸಲಾಗಿತ್ತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ದುಡಿಯುವ ಸಂಸ್ಥೆಗೆ ಅದು ಲೆಕ್ಕಕ್ಕಿಲ್ಲದ ಸಂಖ್ಯೆ. ಆದರೆ ಕೇವಲ ಏಳು ತಿಂಗಳ ಹಿಂದೆ, 2015ರ ಜುಲೈಯಲ್ಲಿ, ಇದೇ ಲಾರಿಗಳನ್ನು ಇನ್ನು ಮುಂದೆ ತಾನೇ ವಿನ್ಯಾಸಗೊಳಿಸಿ ಟೆಕ್ಸಾಸ್‌ನ ವಿಕ್ಟೋರಿಯಾ ಘಟಕದಲ್ಲಿ ತಾನೇ ತಯಾರಿಸುವುದಾಗಿ ಅದೇ ಸಂಸ್ಥೆ ಘೋಷಿಸಿತ್ತು. ಆ ಘಟಕದಿಂದ ಲಾರಿಗಳ ಸಾಲು ಹೊರಬರುವ ಮೊದಲೇ ಯೋಜನೆ ಮುಗಿದುಹೋಯಿತು.

ಮಣ್ಣು ಅಗೆಯುವ, ಬಂಡೆ ಎತ್ತುವ, ರಸ್ತೆ ಸಮತಟ್ಟು ಮಾಡುವ ಯಂತ್ರಗಳಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿರುವ ಕಂಪನಿಯೊಂದು, ಅದೇ ಮಣ್ಣನ್ನು ಸಾಗಿಸುವ ಲಾರಿಯ ವ್ಯಾಪಾರದಲ್ಲಿ ಐದು ವರ್ಷ ನಿಲ್ಲಲಾರದೆ ಹೋದದ್ದು ಹೇಗೆ? ಮಾರುಕಟ್ಟೆಯ ಹಿಂಜರಿತ ಎಂಬ ಸಿದ್ಧ ಉತ್ತರ ಇದಕ್ಕೆ ಸಾಲದು. ಹಿಂಜರಿತ ಅಂತ್ಯವನ್ನು ತ್ವರಿತಗೊಳಿಸಿತು, ಅಷ್ಟೇ. ಮೂಲ ಕಾರಣ ಇರುವುದು 2008ರಲ್ಲಿ ಆ ಸಂಸ್ಥೆ ಕೈಗೊಂಡ ಇನ್ನೊಂದು ನಿರ್ಧಾರದಲ್ಲಿ. ಲಾರಿ ಮಾಲೀಕರು ಯಾವ ಕಾರಣಕ್ಕೆ ಕ್ಯಾಟರ್‌ಪಿಲ್ಲರ್ ಹೆಸರನ್ನು ನಂಬಿದ್ದರೋ ಆ ಎಂಜಿನ್ ತಯಾರಿಕೆಯನ್ನೇ ಕೈಬಿಟ್ಟು, ಬರಿಯ ಹೆಸರಿನ ಬಲದ ಮೇಲೆ ಅದು ಲಾರಿ ಮಾರಲು ಹೊರಟಿತ್ತು.

ಎಂಜಿನ್ ಬಿಟ್ಟು ಲಾರಿ ಹಿಡಿದದ್ದು

ಕಾಮಗಾರಿ ಲಾರಿ ಎಂದರೆ ನಮ್ಮಲ್ಲಿ ಟಿಪ್ಪರ್, ಕಾಂಕ್ರೀಟ್ ಮಿಕ್ಸರ್, ಮರದ ದಿಮ್ಮಿ ಹೊರುವ ಟ್ರಕ್ ಎಂದು ಗುರುತಿಸುವ ವಾಹನಗಳ ವರ್ಗ. ನೂರಾರು ಮೈಲಿ ಒಂದೇ ವೇಗದಲ್ಲಿ ಓಡುವ ಸರಕು ಲಾರಿಗೂ ಇದಕ್ಕೂ ಹೋಲಿಕೆ ಕಡಿಮೆ. ದಿನವಿಡೀ ನಿಂತು ಹೊರಡುವುದು, ಅರ್ಧ ರಸ್ತೆ, ಅರ್ಧ ಕೆಸರು, ಮಿತಿಮೀರಿದ ಹೊರೆ ಇದರ ಬಾಳು. ಒಂದು ದಿನ ಕೆಟ್ಟು ನಿಂತರೆ ಅದರ ಹಿಂದೆ ಅಗೆಯುವ ಯಂತ್ರವೂ ನಿಲ್ಲುತ್ತದೆ, ಅದನ್ನು ಬಾಡಿಗೆಗೆ ತಂದ ಗುತ್ತಿಗೆದಾರನ ಲೆಕ್ಕವೂ ನಿಲ್ಲುತ್ತದೆ. ಕಾಮಗಾರಿ ಸ್ಥಳದಲ್ಲಿ ಅಗೆಯುವ ಯಂತ್ರ ಕ್ಯಾಟರ್‌ಪಿಲ್ಲರ್‌ನದ್ದಾದರೆ ಅದರ ಪಕ್ಕದ ಲಾರಿಯೂ ತನ್ನದೇ ಆಗಬಾರದೇಕೆ ಎಂದು ಸಂಸ್ಥೆಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಿರಾಕಿ ಒಬ್ಬನೇ, ಸಾಲ ಕೊಡುವ ಹಣಕಾಸು ವಿಭಾಗ ಸಿದ್ಧ, ವಿತರಕರ ಅಂಗಡಿ ಪಕ್ಕದಲ್ಲೇ.

ಇದಲ್ಲದೆ ಲಾರಿ ಲೋಕಕ್ಕೆ ಕ್ಯಾಟರ್‌ಪಿಲ್ಲರ್ ಹೊಸಬನೂ ಆಗಿರಲಿಲ್ಲ. ದಶಕಗಳ ಕಾಲ ಅದು ಕೆನ್‌ವರ್ತ್, ಪೀಟರ್‌ಬಿಲ್ಟ್, ಫ್ರೈಟ್‌ಲೈನರ್ ಮೊದಲಾದ ಲಾರಿಗಳಿಗೆ ಡೀಸೆಲ್ ಎಂಜಿನ್ ಪೂರೈಸುತ್ತಿತ್ತು. 3406 ಮತ್ತು ಅದರ ಉತ್ತರಾಧಿಕಾರಿಯಾದ ಸಿ15 ಎಂಜಿನ್‌ಗಳ ಹಳದಿ ಬಣ್ಣ ಅಮೆರಿಕದ ಚಾಲಕರ ನಡುವೆ ಒಂದು ಪ್ರತಿಷ್ಠೆಯ ಗುರುತಾಗಿತ್ತು. ಲಾರಿ ಯಾರದೇ ಇರಲಿ, ಒಳಗಿನ ಎಂಜಿನ್ ಇಂಥದ್ದೇ ಬೇಕೆಂದು ಹೇಳಿ ಕೊಳ್ಳುವ ಪದ್ಧತಿ ಅಲ್ಲಿ ಇತ್ತು. ಭಾರತದಲ್ಲಿ ಟಾಟಾ ಲಾರಿ ಕೊಳ್ಳುವಾತ ಆ ಕಾಲಕ್ಕೆ ಇಂಥ ಆಯ್ಕೆಯನ್ನು ಕೇಳಿಯೂ ಇರಲಿಕ್ಕಿಲ್ಲ.

ಈ ಸ್ಥಾನವನ್ನು ಅಲುಗಾಡಿಸಿದ್ದು ಹೊಗೆಯ ಕಾನೂನು. ಪರೀಕ್ಷೆಯಲ್ಲಿ ಒಂದು ಬಗೆ, ಹೆದ್ದಾರಿಯಲ್ಲಿ ಇನ್ನೊಂದು ಬಗೆಯಾಗಿ ವರ್ತಿಸುವ ತಂತ್ರಾಂಶ ಅಳವಡಿಸಿದ ಆರೋಪದ ಮೇಲೆ 1998ರಲ್ಲಿ ಕ್ಯಾಟರ್‌ಪಿಲ್ಲರ್ ಸೇರಿದಂತೆ ಏಳು ಡೀಸೆಲ್ ಎಂಜಿನ್ ತಯಾರಕರು ಅಮೆರಿಕ ಸರ್ಕಾರದೊಂದಿಗೆ ರಾಜಿ ಮಾಡಿಕೊಂಡು, ಒಟ್ಟು 8.34 ಕೋಟಿ ಡಾಲರ್ ದಂಡ ತೆರಬೇಕಾಯಿತು. ಫೋಕ್ಸ್‌ವ್ಯಾಗನ್ ಕಾರುಗಳ ಹಗರಣ ಬಯಲಾಗುವುದಕ್ಕೆ 17 ವರ್ಷ ಮೊದಲಿನ ಮಾತಿದು. ರಾಜಿಯ ಷರತ್ತಿನಂತೆ 2004ಕ್ಕೆ ಜಾರಿಯಾಗಬೇಕಿದ್ದ ಮಾನದಂಡವನ್ನು 2002ರ ಅಕ್ಟೋಬರ್‌ಗೇ ಪಾಲಿಸಬೇಕಾಗಿ ಬಂತು. ಆ ಗಡುವಿಗೆ ಸಿದ್ಧವಾಗಿರದ ಕ್ಯಾಟರ್‌ಪಿಲ್ಲರ್, ಪ್ರತಿ ಎಂಜಿನ್‌ಗೂ ದಂಡ ಕಟ್ಟುತ್ತ ಮಾರಾಟ ಮಾಡಿತು. ಬಳಿಕ ಎರಡು ಟರ್ಬೊಗಳು ಮತ್ತು ಕವಾಟಗಳ ಹೊಸ ನಿಯಂತ್ರಣವನ್ನು ನೆಚ್ಚಿದ ‘ಅಸರ್ಟ್’ ತಂತ್ರಜ್ಞಾನ ಬಂತು. ಎಂಜಿನ್ ಬಲಶಾಲಿಯಾಗಿಯೇ ಉಳಿಯಿತು, ಆದರೆ ಜಟಿಲವೂ ದುಬಾರಿಯೂ ಆಯಿತು. 2007ರಲ್ಲಿ ಮಸಿ ಸೋಸುವ ಸಾಧನ ಕಡ್ಡಾಯವಾಯಿತು. 2010ರಲ್ಲಿ ಇನ್ನೂ ಬಿಗಿಯಾದ ಮಿತಿ ಎದುರಿತ್ತು.

ಅದೇ ಹೊತ್ತಿಗೆ ಗಿರಾಕಿಗಳೇ ಪ್ರತಿಸ್ಪರ್ಧಿಗಳಾಗತೊಡಗಿದರು. ಫ್ರೈಟ್‌ಲೈನರ್‌ನ ಒಡೆಯ ಡೈಮ್ಲರ್ ತನ್ನದೇ ಡೆಟ್ರಾಯಿಟ್ ಎಂಜಿನ್‌ಗಳನ್ನು ಮುಂದಿಟ್ಟಿತು. ವೋಲ್ವೊ ಮತ್ತು ಮ್ಯಾಕ್ ತಮ್ಮವನ್ನೇ ಬಳಸತೊಡಗಿದವು. ಕೆನ್‌ವರ್ತ್ ಹಾಗೂ ಪೀಟರ್‌ಬಿಲ್ಟ್‌ಗಳ ಮಾತೃಸಂಸ್ಥೆ ಪ್ಯಾಕಾರ್ ಕೂಡ ಸ್ವಂತ ಎಂಜಿನ್ ಸಿದ್ಧಪಡಿಸುತ್ತಿತ್ತು. ಕುಗ್ಗುತ್ತಿರುವ ಮಾರುಕಟ್ಟೆಗಾಗಿ 2010ರ ಎಂಜಿನ್ ಅಭಿವೃದ್ಧಿಗೆ ಭಾರೀ ಹಣ ಸುರಿಯುವುದು ಕ್ಯಾಟರ್‌ಪಿಲ್ಲರ್‌ಗೆ ಲಾಭದಾಯಕವೆನಿಸಲಿಲ್ಲ. 2010ರ ಮಾನದಂಡಕ್ಕೆ ಹೊಂದುವ ಹೆದ್ದಾರಿ ಎಂಜಿನ್‌ಗಳನ್ನು ಇತರ ಲಾರಿ ತಯಾರಕರಿಗೆ ಪೂರೈಸುವುದಿಲ್ಲ ಎಂದು 2008ರ ಜೂನ್‌ನಲ್ಲಿ ಅದು ಪ್ರಕಟಿಸಿತು. ಅದೇ ಉಸಿರಿನಲ್ಲಿ, ಇಂಟರ್‌ನ್ಯಾಷನಲ್ ಲಾರಿಗಳ ತಯಾರಕ ನ್ಯಾವಿಸ್ಟಾರ್ ಜೊತೆ ಕೂಡಿ ಕ್ಯಾಟ್ ಹೆಸರಿನ ಕಾಮಗಾರಿ ಲಾರಿಯನ್ನು ಹೊರತರುವುದಾಗಿಯೂ ಹೇಳಿತು.

ಲೆಕ್ಕಪತ್ರದ ದೃಷ್ಟಿಯಿಂದ ಇದು ಜಾಣ ನಡೆಯೇ. ಅಮೆರಿಕದಾದ್ಯಂತ ಕ್ಯಾಟ್ ವಿತರಕರು, ಅವರಲ್ಲಿ ಅನೇಕರು ತಲೆಮಾರುಗಳಿಂದ ಕುಟುಂಬವಾಗಿ ವ್ಯವಹಾರ ನಡೆಸಿದವರು, ಲಾರಿ ಎಂಜಿನ್ ದುರಸ್ತಿಗೆಂದೇ ದೊಡ್ಡ ಕಾರ್ಯಾಗಾರಗಳನ್ನು ಕಟ್ಟಿಕೊಂಡಿದ್ದರು. ಹೊಸ ಎಂಜಿನ್ ಬರದಿದ್ದರೆ ಹತ್ತು ಹದಿನೈದು ವರ್ಷಗಳಲ್ಲಿ ಆ ಕಾರ್ಯಾಗಾರಗಳು ಖಾಲಿಯಾಗುವುದು ಖಚಿತ. ಲಾರಿಯೊಂದನ್ನು ಕೊಟ್ಟರೆ ಅವರಿಗೆ ಮಾರಲು ಸರಕೂ ಸಿಕ್ಕಿತು, ಕೆಲಸಗಾರರಿಗೆ ದುಡಿಮೆಯೂ ಉಳಿಯಿತು. ಹೀಗಾಗಿ ಈ ಲಾರಿ ಗಿರಾಕಿ ಕೇಳಿದ್ದರಿಂದ ಹುಟ್ಟಿದ್ದು ಎನ್ನುವುದಕ್ಕಿಂತ ವಿತರಕರಿಗೆ ಬೇಕಾಗಿದ್ದರಿಂದ ಹುಟ್ಟಿತು ಎನ್ನುವುದೇ ಸರಿ.

ಯೂರಿಯಾ ಬೇಡವೆಂದ ಪಾಲುದಾರ

2011ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನ ಕಾನ್‌ಎಕ್ಸ್‌ಪೊ ನಿರ್ಮಾಣ ಯಂತ್ರ ಪ್ರದರ್ಶನದಲ್ಲಿ ಸಿಟಿ660 ಎಂಬ ಲಾರಿ ಅನಾವರಣಗೊಂಡಿತು. ಮೂತಿ, ಅಲಂಕಾರ, ಚಾಲಕನ ಆಸನ ಎಲ್ಲದರಲ್ಲೂ ಕ್ಯಾಟ್ ಛಾಪು ಇತ್ತು. ಆರು ಗೇರುಗಳ ಸ್ವಯಂಚಾಲಿತ ಗೇರ್‌ಪೆಟ್ಟಿಗೆ, ಸಿಎಕ್ಸ್31, ನಿಜಕ್ಕೂ ಕ್ಯಾಟರ್‌ಪಿಲ್ಲರ್‌ನದೇ. ಅದನ್ನು ಬಳಸಿದವರು ಮೆಚ್ಚಿಕೊಂಡಿದ್ದೂ ಉಂಟು. ಆದರೆ ಲಾರಿ ಜೋಡಣೆಯಾಗುತ್ತಿದ್ದದ್ದು ಟೆಕ್ಸಾಸ್‌ನ ಗಾರ್ಲೆಂಡ್‌ನಲ್ಲಿದ್ದ ನ್ಯಾವಿಸ್ಟಾರ್ ಕಾರ್ಖಾನೆಯಲ್ಲಿ. ಸಿಟಿ11, ಸಿಟಿ13 ಎಂಬ ಹೆಸರಿನ ಎಂಜಿನ್‌ಗಳು ನ್ಯಾವಿಸ್ಟಾರ್‌ನ ಮ್ಯಾಕ್ಸ್‌ಫೋರ್ಸ್ ಎಂಜಿನ್‌ಗಳೇ. ಅವುಗಳ ಮೂಲ ವಿನ್ಯಾಸವೋ ಜರ್ಮನಿಯ ಮಾನ್ ಕಂಪನಿಯದು. ಅಂದರೆ ಜರ್ಮನಿಯ ಮೂಸೆ, ಅಮೆರಿಕದ ಪಾಲುದಾರನ ಹದ, ಮೇಲೆ ಕ್ಯಾಟ್ ಫಲಕ. ಇನ್ನೂ ವಿಚಿತ್ರವೆಂದರೆ ನ್ಯಾವಿಸ್ಟಾರ್‌ನ 15 ಲೀಟರ್ ಎಂಜಿನ್ ರೂಪುಗೊಂಡದ್ದು ಕ್ಯಾಟರ್‌ಪಿಲ್ಲರ್‌ನದೇ ಸಿ15 ಎಂಜಿನ್‌ನ ಚೌಕಟ್ಟಿನ ಮೇಲೆ. ತವರಿನ ಕೂಸು ಬೇರೆಯವರ ಮನೆಯಲ್ಲಿ ಬೆಳೆಯಿತು. 2012ರಲ್ಲಿ ಅದನ್ನೂ ನ್ಯಾವಿಸ್ಟಾರ್ ಕೈಬಿಟ್ಟಿತು. (ಮ್ಯಾಕ್ಸ್‌ಫೋರ್ಸ್ ಎಂಬ ಹೆಸರು ಭಾರತಕ್ಕೂ ಬಂದಿತ್ತು. ಮಹೀಂದ್ರ ಮತ್ತು ನ್ಯಾವಿಸ್ಟಾರ್ ಕೂಡಿ ಪುಣೆ ಬಳಿಯ ಚಾಕಣದಲ್ಲಿ ತಯಾರಿಸಿದ ಲಾರಿಗಳಲ್ಲಿ ಆ ಹೆಸರಿನ, ಬೇರೆ ಅಳತೆಯ ಎಂಜಿನ್ ಇತ್ತು. ಬಳಿಕ ಮಹೀಂದ್ರ ಪಾಲುದಾರನ ಪಾಲನ್ನು ಕೊಂಡುಕೊಂಡಿತು.)

ಎರವಲು ಪಡೆದ ಎಂಜಿನ್ ಉತ್ತಮವಾಗಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ನ್ಯಾವಿಸ್ಟಾರ್ ಮಾತ್ರ ಆ ದಿನಗಳಲ್ಲಿ ಒಂದು ದೊಡ್ಡ ಜೂಜಾಡುತ್ತಿತ್ತು. 2010ರ ಅಮೆರಿಕನ್ ಮಾನದಂಡದ ಪ್ರಕಾರ ಎಂಜಿನ್ ಉಗುಳುವ ನೈಟ್ರೋಜನ್ ಆಕ್ಸೈಡ್ ಪ್ರತಿ ಅಶ್ವಶಕ್ತಿ-ಗಂಟೆಗೆ 0.20 ಗ್ರಾಂ ಮೀರುವಂತಿರಲಿಲ್ಲ. ಕಮಿನ್ಸ್, ಡೈಮ್ಲರ್, ವೋಲ್ವೊ, ಪ್ಯಾಕಾರ್ ಎಲ್ಲರೂ ಒಂದೇ ಮಾರ್ಗ ಹಿಡಿದರು: ಹೊಗೆ ಹೊರಬೀಳುವ ಮುನ್ನ ಅದಕ್ಕೆ ಯೂರಿಯಾ ದ್ರಾವಣ ಸಿಂಪಡಿಸಿ ವಿಷಾನಿಲವನ್ನು ಸಾರಜನಕ ಮತ್ತು ನೀರಾಗಿ ಪರಿವರ್ತಿಸುವುದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದ ಮೇಲೆ ಕರ್ನಾಟಕದ ಲಾರಿ ಚಾಲಕರಿಗೂ ಡೀಸೆಲ್ ಟ್ಯಾಂಕಿನ ಪಕ್ಕದ ಯೂರಿಯಾ ಟ್ಯಾಂಕು ಪರಿಚಿತವಾಗಿದೆ. ನ್ಯಾವಿಸ್ಟಾರ್ ಒಂದೇ ಇದನ್ನು ತಿರಸ್ಕರಿಸಿತು. ಹೊಗೆಯ ಒಂದಂಶವನ್ನು ತಣಿಸಿ ಮರಳಿ ಎಂಜಿನ್ ಒಳಗೇ ಕಳಿಸಿ, ದಹನದ ಶಾಖವನ್ನು ತಗ್ಗಿಸಿದರೆ ಸಾಕು, ಯೂರಿಯಾ ತುಂಬಿಸುವ ರಗಳೆ ಗಿರಾಕಿಗೇಕೆ ಎಂಬುದು ಅದರ ಪ್ರಚಾರವಾಗಿತ್ತು.

ಕೇಳಲು ಆಕರ್ಷಕವಾದ ಈ ವಾದ ಯಂತ್ರದೊಳಗೆ ಬೇರೆಯೇ ಪರಿಣಾಮ ಬೀರುತ್ತದೆ. ಹೊಗೆಯನ್ನು ಹೆಚ್ಚು ಹೆಚ್ಚಾಗಿ ಹಿಂದಕ್ಕೆ ಕಳಿಸಿದಷ್ಟೂ ಮಸಿ ಹೆಚ್ಚುತ್ತದೆ, ಶೈತ್ಯಕಗಳ ಮೇಲೆ ಶಾಖದ ಹೊರೆ ಬೀಳುತ್ತದೆ, ಸೋಸುವ ಸಾಧನ ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಮಸಿಯನ್ನು ಸುಡಲು ಹೊಗೆನಳಿಗೆ ಚೆನ್ನಾಗಿ ಕಾಯಬೇಕು, ಅದಕ್ಕೆ ಲಾರಿ ದೂರ ಓಡಬೇಕು. ಕಾಮಗಾರಿ ಲಾರಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹೀಗೆ, ಈ ತಂತ್ರಜ್ಞಾನ ಯಾವ ಬಗೆಯ ವಾಹನಕ್ಕೆ ಅತ್ಯಂತ ಕಡಿಮೆ ಹೊಂದುತ್ತಿತ್ತೋ ಅಂಥದ್ದನ್ನೇ ಕ್ಯಾಟರ್‌ಪಿಲ್ಲರ್ ತನ್ನ ಹೆಸರಿನಲ್ಲಿ ಮಾರಲು ಆರಿಸಿಕೊಂಡಿತ್ತು.

ನ್ಯಾವಿಸ್ಟಾರ್‌ನ ಎಂಜಿನ್ 0.20ರ ಮಿತಿಯನ್ನು ಮುಟ್ಟಲೇ ಇಲ್ಲ. ಹಿಂದಿನ ವರ್ಷಗಳಲ್ಲಿ ಗಳಿಸಿಟ್ಟಿದ್ದ ಮಾಲಿನ್ಯ ರಿಯಾಯಿತಿ ಅಂಕಗಳನ್ನು ಖರ್ಚು ಮಾಡುತ್ತ ಅದು ಮಾರಾಟ ನಡೆಸಿತು. ಅಂಕಗಳು ಮುಗಿಯುವ ಹೊತ್ತಿಗೆ, 2012ರ ಜನವರಿಯಲ್ಲಿ, ಪ್ರತಿ ಎಂಜಿನ್‌ಗೆ ಗರಿಷ್ಠ 1,919 ಡಾಲರ್ ದಂಡ ಕಟ್ಟಿ ಮಾರಬಹುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮಧ್ಯಂತರ ನಿಯಮ ರೂಪಿಸಿತು. ಯೂರಿಯಾ ಮಾರ್ಗಕ್ಕೆ ಹಣ ಸುರಿದಿದ್ದ ಪ್ರತಿಸ್ಪರ್ಧಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಜೂನ್‌ನಲ್ಲಿ ಆ ನಿಯಮ ರದ್ದಾಯಿತು. ಜುಲೈಯಲ್ಲಿ ನ್ಯಾವಿಸ್ಟಾರ್ ತಲೆಬಾಗಿ ತಾನೂ ಯೂರಿಯಾ ತಂತ್ರಜ್ಞಾನಕ್ಕೆ ಹೊರಳುವುದಾಗಿ ಘೋಷಿಸಿತು. ಆಗಸ್ಟ್‌ನಲ್ಲಿ ಅದರ ಮುಖ್ಯಸ್ಥ ಡ್ಯಾನ್ ಉಸ್ಟಿಯನ್ ಹುದ್ದೆ ತೊರೆದರು. 2011ರಿಂದ 2014ರವರೆಗಿನ ಮಾದರಿಗಳ ಮ್ಯಾಕ್ಸ್‌ಫೋರ್ಸ್ ಲಾರಿಗಳನ್ನು ಕೊಂಡವರು ಹೂಡಿದ ಸಾಮೂಹಿಕ ದಾವೆಯನ್ನು ನ್ಯಾವಿಸ್ಟಾರ್ ಬಗೆಹರಿಸಿಕೊಂಡಿದ್ದು 2019ರಲ್ಲಿ, 13.5 ಕೋಟಿ ಡಾಲರ್ ಮೌಲ್ಯದ ರಾಜಿಯ ಮೂಲಕ.

ಲಾರಿಯನ್ನು ಸಾಲ ಮಾಡಿ ಕೊಂಡವನಿಗೆ ಎರಡು ಲೆಕ್ಕಗಳು ಮುಖ್ಯ. ತಿಂಗಳಲ್ಲಿ ಎಷ್ಟು ದಿನ ಓಡುತ್ತದೆ ಎಂಬುದು ಒಂದು. ಐದಾರು ವರ್ಷದ ಬಳಿಕ ಎಷ್ಟಕ್ಕೆ ಮಾರಾಟವಾಗುತ್ತದೆ ಎಂಬುದು ಇನ್ನೊಂದು. ಎರಡನೆಯ ಲೆಕ್ಕವೇ ಅನೇಕ ಸಣ್ಣ ಮಾಲೀಕರ ಏಕೈಕ ಉಳಿತಾಯ. ಮ್ಯಾಕ್ಸ್‌ಫೋರ್ಸ್ ಲಾರಿಗಳ ಬೆಲೆ ಹಳೆಯ ವಾಹನಗಳ ಮಾರುಕಟ್ಟೆಯಲ್ಲಿ ಕುಸಿದು, ಮರಳಿ ಪಡೆದ ಲಾರಿಗಳ ದಾಸ್ತಾನೇ ನ್ಯಾವಿಸ್ಟಾರ್‌ಗೆ ನಷ್ಟದ ಬಾಬತ್ತಾಯಿತು. ಹಳೆಯ ಸಿ15 ಎಂಜಿನ್ ಇದ್ದ ಲಾರಿಗಳಿಗೆ ಅದೇ ಸಮಯದಲ್ಲಿ ಬೇಡಿಕೆ ಇಳಿಯಲಿಲ್ಲ. ಕ್ಯಾಟ್ ವಿತರಕನ ಬಾಗಿಲಿಗೆ ಬಂದ ಗಿರಾಕಿಯ ಕಣ್ಣೆದುರು ಎರಡು ‘ಕ್ಯಾಟ್’ಗಳು ನಿಂತಿದ್ದವು. ಹಳೆಯದು ಕ್ಯಾಟರ್‌ಪಿಲ್ಲರ್ ಮಾಡಿದ್ದು, ಹೊಸದು ಕ್ಯಾಟರ್‌ಪಿಲ್ಲರ್ ಮಾರುತ್ತಿದ್ದದ್ದು.

ನ್ಯಾವಿಸ್ಟಾರ್ ಗಾರ್ಲೆಂಡ್ ಕಾರ್ಖಾನೆಯನ್ನು ಮುಚ್ಚಿದಾಗ ಕ್ಯಾಟ್ ಲಾರಿಯ ತಯಾರಿಕೆ ಮೆಕ್ಸಿಕೋದ ಎಸ್ಕೊಬೆಡೊಗೆ ಹೋಯಿತು. ಸಿಟಿ680, ಸಿಟಿ681 ಎಂಬ ಮಾದರಿಗಳೂ ಸೇರಿಕೊಂಡವು, ಎಂಜಿನ್‌ಗೆ ಯೂರಿಯಾ ವ್ಯವಸ್ಥೆಯೂ ಬಂತು. ಆದರೆ ಮ್ಯಾಕ್, ಕೆನ್‌ವರ್ತ್, ಪೀಟರ್‌ಬಿಲ್ಟ್‌ಗಳು ಹಿಡಿದಿದ್ದ ಮಾರುಕಟ್ಟೆಯಲ್ಲಿ ಕ್ಯಾಟ್ ಲಾರಿ ಗಣನೀಯ ಪಾಲು ಪಡೆಯಲಿಲ್ಲ. 2015ರಲ್ಲಿ ಪಾಲುದಾರನನ್ನು ಬಿಟ್ಟು ಒಂಟಿಯಾಗಿ ನಡೆಯುವ ನಿರ್ಧಾರ ತಾರ್ಕಿಕವಾಗಿ ಸರಿಯೇ ಇತ್ತು. ಕಾಲ ಮಾತ್ರ ಮೀರಿತ್ತು. ಗಣಿಗಾರಿಕೆ ಮತ್ತು ತೈಲ ಉದ್ಯಮಗಳ ಕುಸಿತದಿಂದ ಕ್ಯಾಟರ್‌ಪಿಲ್ಲರ್‌ನ ವಾರ್ಷಿಕ ವಹಿವಾಟು 2012ರ ಸುಮಾರು 6,600 ಕೋಟಿ ಡಾಲರ್‌ನಿಂದ 2015ರಲ್ಲಿ 4,700 ಕೋಟಿ ಡಾಲರ್‌ಗೆ ಇಳಿದಿತ್ತು. 2018ರೊಳಗೆ 10,000ದಷ್ಟು ಉದ್ಯೋಗ ಕಡಿತವಾಗಬಹುದೆಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸಂಸ್ಥೆಯೇ ಹೇಳಿತ್ತು. ಹಡಗು ಭಾರವಾದಾಗ ಮೊದಲು ನೀರಿಗೆ ಬೀಳುವುದು ಕೊನೆಯಲ್ಲಿ ಹತ್ತಿಸಿದ ಮೂಟೆ.

ಕೆಜಿಎಫ್‌ನ ಟಟ್ರಾ, ಹೊಸಕೋಟೆಯ ವೋಲ್ವೊ

ಭಾರೀ ಯಂತ್ರ ತಯಾರಕನೊಬ್ಬ ಬೇರೆಯವರ ಲಾರಿಗೆ ತನ್ನ ಹೆಸರಿಟ್ಟ ಇನ್ನೊಂದು ಉದಾಹರಣೆ ಕರ್ನಾಟಕದಲ್ಲೇ ಇದೆ. 1964ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಸರ್ಕಾರಿ ಸ್ವಾಮ್ಯದ ಬೆಮೆಲ್, ಬುಲ್‌ಡೋಜರ್ ಮತ್ತು ಡಂಪರ್‌ಗಳಿಗೆ ಹೆಸರಾದ ಸಂಸ್ಥೆ. 1986ರಲ್ಲಿ ಅದು ಅಂದಿನ ಚೆಕೊಸ್ಲೊವಾಕಿಯಾದೊಂದಿಗೆ ಒಪ್ಪಂದ ಮಾಡಿಕೊಂಡು ಟಟ್ರಾ ಲಾರಿಗಳನ್ನು ಭಾರತೀಯ ಸೇನೆಗೆ ಪೂರೈಸಲಾರಂಭಿಸಿತು. ನಡುವಿನ ಕೊಳವೆಯೇ ಬೆನ್ನೆಲುಬಾದ ಚೌಕಟ್ಟು, ಗಾಳಿಯಿಂದ ತಣಿಯುವ ಎಂಜಿನ್, ಪ್ರತಿ ಚಕ್ರವೂ ಸ್ವತಂತ್ರವಾಗಿ ಏರಿಳಿಯುವ ವ್ಯವಸ್ಥೆಯ ಈ ವಾಹನ ಮರಳುಗಾಡಿಗೂ ಹಿಮಕ್ಕೂ ಒಗ್ಗಿತು. ಪಿನಾಕ ರಾಕೆಟ್‌ಗಳನ್ನೂ ಪೃಥ್ವಿ ಕ್ಷಿಪಣಿಗಳನ್ನೂ ಹೊತ್ತಿತು.

ಅದೂ ಎರವಲು ಲಾರಿಯೇ. ಸ್ಟಿಯರಿಂಗ್ ಚಕ್ರವನ್ನು ಎಡದಿಂದ ಬಲಕ್ಕೆ ಬದಲಿಸುವ ಕೆಲಸವೂ ದಶಕಗಟ್ಟಲೆ ಆಗಲಿಲ್ಲ ಎಂಬ ಟೀಕೆ ಬೆಮೆಲ್ ಮೇಲಿತ್ತು. 2012ರ ಮಾರ್ಚ್‌ನಲ್ಲಿ ಅಂದಿನ ಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್, ಲಾರಿ ಖರೀದಿಗೆ ಒಪ್ಪಿಗೆ ನೀಡಲು ತಮಗೆ 14 ಕೋಟಿ ರೂ. ಲಂಚದ ಆಮಿಷ ಒಡ್ಡಲಾಗಿತ್ತು ಎಂದು ಹೇಳಿದಾಗ ಟಟ್ರಾ ಹೆಸರು ಮನೆಮಾತಾಯಿತು. ಸಿಬಿಐ ತನಿಖೆ ಆರಂಭವಾಯಿತು. ಆದರೂ ಬೆಮೆಲ್ ಸೇನೆಗೆ ಭಾರೀ ವಾಹನಗಳ ಪೂರೈಕೆಯನ್ನು ಮುಂದುವರಿಸಿತು.

ಕ್ಯಾಟ್ ಲಾರಿ ಐದು ವರ್ಷಕ್ಕೆ ಬಿದ್ದು, ಬೆಮೆಲ್ ಟಟ್ರಾ ಹಗರಣವನ್ನೂ ದಾಟಿ ಉಳಿದದ್ದೇಕೆ? ಟಟ್ರಾ ಯಂತ್ರದ ಗುಣ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಗಿರಾಕಿಯ ಸ್ವರೂಪ. ಬೆಮೆಲ್‌ಗೆ ಇದ್ದದ್ದು ಒಬ್ಬನೇ ಗಿರಾಕಿ, ರಕ್ಷಣಾ ಇಲಾಖೆ. ಆತ ಮರುಮಾರಾಟದ ಬೆಲೆ ಕೇಳುವುದಿಲ್ಲ, ಪಕ್ಕದ ಅಂಗಡಿಗೆ ಸುಲಭವಾಗಿ ಹೋಗುವುದಿಲ್ಲ, ಬಿಡಿಭಾಗಕ್ಕೆ ಕಾಯುತ್ತಾನೆ. ಟೆಕ್ಸಾಸ್‌ನ ಜಲ್ಲಿ ಗುತ್ತಿಗೆದಾರನಿಗೆ ಕಾಯುವ ಶಕ್ತಿ ಇಲ್ಲ. ಬೆಮೆಲ್ ಆ ಲಾರಿಯನ್ನು ಬಳ್ಳಾರಿಯ ಅದಿರು ಸಾಗಣೆದಾರನಿಗೆ ಮಾರಲು ಹೊರಟಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಯಂತ್ರ ತಯಾರಕರು ಲಾರಿಯತ್ತ ನೋಡಲು ಇನ್ನೊಂದು ಒತ್ತಡವೂ ಇದೆ, ಅದೂ ನಮ್ಮ ನೆಲದಲ್ಲೇ ಕಂಡದ್ದು. 1998ರಲ್ಲಿ ಹೊಸಕೋಟೆಯಲ್ಲಿ ಕಾರ್ಖಾನೆ ತೆರೆದ ವೋಲ್ವೊ, ಗಣಿ ಗುತ್ತಿಗೆದಾರರಿಗೆ ಟಿಪ್ಪರ್ ಮಾರುವಾಗ ವಾಹನವನ್ನಷ್ಟೇ ಕೊಡಲಿಲ್ಲ. ಚಾಲಕರಿಗೆ ತರಬೇತಿ ಕೊಟ್ಟಿತು, ಗಣಿಯ ಅಂಗಳದಲ್ಲೇ ದುರಸ್ತಿ ಕೇಂದ್ರ ನಡೆಸಿತು. ಇಂಥ ಹೆದ್ದಾರಿ ಟಿಪ್ಪರ್‌ಗಳು, ಹಿಂದೆ ಬೆಮೆಲ್‌ನಂಥವರ ಡಂಪರ್‌ಗಳಿಗಷ್ಟೇ ಮೀಸಲಾಗಿದ್ದ ಕಲ್ಲಿದ್ದಲು ಗಣಿಗಳ ಮೇಲ್ಮಣ್ಣು ಸಾಗಣೆಯಲ್ಲೂ ಪಾಲು ಪಡೆದವು. ಲಾರಿಯವನು ಯಂತ್ರದವನ ಅಂಗಳಕ್ಕೆ ಬಂದ ಮೇಲೆ ಯಂತ್ರದವನಿಗೆ ಲಾರಿಯ ಆಸೆ ಹುಟ್ಟುವುದು ಸಹಜ.

ಈಗ ಆ ಆಸೆಗೆ ಹೊಸ ದಾರಿ ತೆರೆದಿದೆ. ಅಗೆಯುವ ಯಂತ್ರಗಳಿಗೆ ಹೆಸರಾದ ಚೀನಾದ ಸಾನಿ ಮತ್ತು ಎಕ್ಸ್‌ಸಿಎಂಜಿ ಸಂಸ್ಥೆಗಳು ವಿದ್ಯುತ್ ಚಾಲಿತ ಭಾರೀ ಲಾರಿಗಳನ್ನು ಮಾರುತ್ತಿವೆ. ಜಲ್ಲಿ ಕ್ರಷರ್‌ಗಳನ್ನು ತಯಾರಿಸುತ್ತಿದ್ದ ಕೊಯಮತ್ತೂರಿನ ಪ್ರೊಪೆಲ್ ಕಂಪನಿ ವಿದ್ಯುತ್ ಟಿಪ್ಪರ್ ಹೊರತಂದಿದೆ. ಕ್ಯಾಟರ್‌ಪಿಲ್ಲರ್ ಎಡವಿದ ಹೊಸ್ತಿಲು ಇವರಿಗಿಲ್ಲ. ಹೊಗೆಯ ಮಾನದಂಡಕ್ಕೆ ಹೊಂದುವ ಡೀಸೆಲ್ ಎಂಜಿನ್‌ಗೆ ನೂರಾರು ಕೋಟಿ ಸುರಿಯಬೇಕಾಗಿಲ್ಲ, ಬ್ಯಾಟರಿ ಮತ್ತು ಮೋಟಾರು ಮಾರುಕಟ್ಟೆಯಲ್ಲಿ ಸಿಗುತ್ತವೆ. ಕಲ್ಲುಕ್ವಾರಿಯಿಂದ ಕ್ರಷರ್‌ವರೆಗಿನ ಚಿಕ್ಕ, ನಿಗದಿತ ದಾರಿ ವಿದ್ಯುತ್ ಲಾರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಲಾರಿಯ ಬೆಲೆಯಲ್ಲಿ ದೊಡ್ಡ ಪಾಲು ಹೊರಗಿನಿಂದ ಕೊಂಡ ಬ್ಯಾಟರಿಯದೇ. ಆರನೆಯ ವರ್ಷದಲ್ಲಿ ಅದರಲ್ಲಿ ಎಷ್ಟು ಜೀವ ಉಳಿದಿರುತ್ತದೆ, ಆಗ ಆ ಟಿಪ್ಪರನ್ನು ಯಾರು ಯಾವ ಬೆಲೆಗೆ ಕೊಳ್ಳುತ್ತಾರೆ, ಬ್ಯಾಟರಿ ಮಾಡಿದವನು ಅಷ್ಟರಲ್ಲಿ ಅದನ್ನು ಕೈಬಿಟ್ಟಿದ್ದರೆ ಖಾತರಿಗೆ ಉತ್ತರ ಕೊಡುವವರು ಯಾರು ಎಂಬ ಪ್ರಶ್ನೆಗಳನ್ನು ಸಾಲದ ಅರ್ಜಿ ಹಿಡಿದು ಬರುವ ಮಾಲೀಕ ಈಗಾಗಲೇ ಕೇಳುತ್ತಿದ್ದಾನೆ. ಸಾಲ ಕೊಡುವ ಬ್ಯಾಂಕೂ ಕೇಳುತ್ತಿದೆ.

ನ್ಯಾವಿಸ್ಟಾರ್ 2021ರಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಟ್ರೇಟನ್ ಪಾಲಾಯಿತು. 2024ರಿಂದ ಅದರ ಹೆಸರು ಇಂಟರ್‌ನ್ಯಾಷನಲ್ ಮೋಟರ್ಸ್. ಮ್ಯಾಕ್ಸ್‌ಫೋರ್ಸ್‌ಗೆ ಮೂಲ ವಿನ್ಯಾಸ ಕೊಟ್ಟ ಮಾನ್ ಕೂಡ ಅದೇ ಸಮೂಹದಲ್ಲಿದೆ. ಕ್ಯಾಟರ್‌ಪಿಲ್ಲರ್ ಗಣಿಗಳ ದೈತ್ಯ ಡಂಪರ್‌ಗಳನ್ನು ಮಾಡುತ್ತಲೇ ಇದೆ, ವಿಕ್ಟೋರಿಯಾ ಘಟಕ ಅಗೆಯುವ ಯಂತ್ರಗಳ ತಯಾರಿಕೆಗೆ ಮರಳಿತು. ಹೆದ್ದಾರಿಗೆ ಅದು ಮತ್ತೆ ಲಾರಿಯನ್ನು ಇಳಿಸಿಲ್ಲ.